ಅಂಜೂರಕ್ಕೆ ‘ನುಸಿ ಬಿದ್ದಿದೆ’ ಎಂದು ಅಂಗಡಿಗೆ ಹೋಗುವ ಮುನ್ನ

ಶ್ರೀರಂಗಪಟ್ಟಣ ತಾಲ್ಲೂಕಿನ ನಮ್ಮ ತೋಟದಲ್ಲಿ ಹನ್ನೆರಡು ಅಂಜೂರದ ಗಿಡಗಳಿದ್ದವು. ಈಗ ಉಳಿದಿರುವುದು ಒಂಬತ್ತು. ಮೂರನ್ನು ನಾನೇ ಬೇರುಸಮೇತ ಕಿತ್ತು ಸುಟ್ಟೆ, ಉಳಿದವುಗಳ ಒಂದು ಬೇಸಿಗೆಯ ಫಸಲನ್ನು ಗುಂಡಿಗೆ ಸುರಿದೆ. ಗಂಜಾಂ ಅಂಜೂರದ ಹಳೆಯ ಹೆಸರನ್ನು ನೆನೆದು ಈ ಸೀಮೆಯಲ್ಲಿ ಹಿತ್ತಲಿಗೆ ನಾಲ್ಕು ಗಿಡ ನೆಡಬೇಕೆನ್ನುವವರು ನಾನು ಮಾಡಿದ ತಪ್ಪನ್ನು ಮಾಡದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಮಾರ್ಚ್ ಕೊನೆಯ ಹೊತ್ತಿಗೆ ನಾಲೆಗೆ ನೀರು ಬರುವುದು ನಿಂತಿತ್ತು. ಆಲೆಮನೆಗೆ ಕಬ್ಬು ಸಾಗಿಸುವ ಗಾಡಿಗಳ ಧೂಳು ಬೇಲಿ ಪಕ್ಕದ ಗಿಡಗಳ ಮೇಲೆ ಪದರವಾಗಿ ಕೂತಿತ್ತು. ಅವೇ ಗಿಡಗಳ ಎಲೆಗಳಲ್ಲಿ ಮೊದಲು ಸಣ್ಣ ರವೆ ಚೆಲ್ಲಿದಂತೆ ಬಿಳಿಚುಕ್ಕೆಗಳು ಕಾಣಿಸಿಕೊಂಡು, ವಾರದೊಳಗೆ ಎಲೆಗಳು ಕಂಚಿನ ಬಣ್ಣಕ್ಕೆ ತಿರುಗಿದವು. ನೀರಿನ ಕೊರತೆ ಮತ್ತು ಧೂಳು ಯಾವ ಪೀಡೆಗೆ ಹಬ್ಬವೆಂಬುದು ಆಗ ನನಗೆ ತಿಳಿದಿರಲಿಲ್ಲ. ಎಲೆಯ ಹಿಂಬದಿಯಲ್ಲಿ ಏನೋ ಹರಿದಾಡಿದಂತೆ ಕಂಡದ್ದರಿಂದ, ಪೇಟೆಯ ಔಷಧಿ ಅಂಗಡಿಗೆ ಹೋಗಿ, ‘ಅಂಜೂರಕ್ಕೆ ನುಸಿ ಬಿದ್ದಿದೆ, ಏನಾದರೂ ಕೊಡಿ’ ಎಂದೆ.

ಕೆಟ್ಟದ್ದು ಆ ಒಂದು ಮಾತಿನಲ್ಲಿ. ನಮ್ಮ ಕಡೆ ಥ್ರಿಪ್ಸನ್ನೂ ನುಸಿ ಎನ್ನುತ್ತೇವೆ, ಮೈಟನ್ನೂ ನುಸಿ ಎನ್ನುತ್ತೇವೆ. ಆದರೆ ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಕೀಟವೇ ಅಲ್ಲ, ಜೇಡನ ಬಳಗಕ್ಕೆ ಸೇರಿದ್ದು. ಮೆಣಸಿನಕಾಯಿ ಬೆಳೆಯುವವರಿಗೆ ಈ ಭೇದ ಗೊತ್ತಿರುತ್ತದೆ: ಎಲೆ ಮೇಲ್ಮುಖವಾಗಿ ಮುದುಡಿದರೆ ಥ್ರಿಪ್ಸ್, ಕೆಳಮುಖವಾಗಿ ಮುದುಡಿದರೆ ಮೈಟ್. ಅಂಗಡಿಯವರು ಯಾವ ನುಸಿ ಎಂದು ಕೇಳಲಿಲ್ಲ, ಎಲೆ ತಂದಿದ್ದೀರಾ ಎಂದೂ ಕೇಳಲಿಲ್ಲ. ಇಮಿಡಾಕ್ಲೋಪ್ರಿಡ್ ಮತ್ತು ಸೈಪರ್‌ಮೆಥ್ರಿನ್ ಎಂಬ ಕೀಟನಾಶಕಗಳ ಬಾಟಲಿಗಳನ್ನು ಮುಂದಿಟ್ಟು, ಎರಡನ್ನೂ ಬೆರೆಸಿ ಹೊಡೆಯಿರಿ ಎಂದರು. ನಾನು ಹಾಗೆಯೇ ಹೊಡೆದೆ. ಹತ್ತು ದಿನ ಕಳೆಯುವಷ್ಟರಲ್ಲಿ ಕುಡಿ ಎಲೆಗಳ ನಡುವೆ ನವಿರಾದ ಬಲೆ ಕಟ್ಟಿ, ಬಲಿತ ಎಲೆಗಳು ಒಂದೊಂದಾಗಿ ಉದುರತೊಡಗಿದವು. ಇಮಿಡಾಕ್ಲೋಪ್ರಿಡ್ ಮೈಟನ್ನು ಕೊಲ್ಲುವುದಿಲ್ಲ. ಸೈಪರ್‌ಮೆಥ್ರಿನ್ ಮೈಟನ್ನು ತಿಂದು ಬದುಕುವ ಗುಲಗಂಜಿ ಹುಳುಗಳನ್ನೂ ಪರಭಕ್ಷಕ ನುಸಿಗಳನ್ನೂ ಮೊದಲು ಮುಗಿಸುತ್ತದೆ. ಅಂದರೆ, ದುಡ್ಡು ಕೊಟ್ಟು ಕಾವಲುಗಾರರನ್ನು ಕೊಲ್ಲಿಸಿದ್ದೆ.

ಅದರ ಮೇಲೆ ಇನ್ನೊಂದು ಎಡವಟ್ಟು ಮಾಡಿದೆ. ಯಾರೋ ಬೇವಿನೆಣ್ಣೆ ಎಂದರು, ಇನ್ಯಾರೋ ಗಂಧಕ ಎಂದರು. ಎರಡೂ ಒಳ್ಳೆಯದೇ ಅಲ್ಲವೇ ಎಂದು ಒಂದೇ ಕ್ಯಾನಿಗೆ ಸುರಿದು, ಏಪ್ರಿಲ್ ಬಿಸಿಲಿನಲ್ಲಿ ಹನ್ನೊಂದು ಗಂಟೆಗೆ ಹೊಡೆದೆ. ಮರುದಿನ ಎಲೆಯಂಚುಗಳು ಸುಟ್ಟ ಹಪ್ಪಳದಂತಾಗಿದ್ದವು, ಕಾಯಿಗಳ ಬಿಸಿಲು ಮುಖಕ್ಕೆ ಕಂದುಬಣ್ಣದ ಹಕ್ಕಳೆ ಬಂದಿತ್ತು. ಗಂಧಕ ಮತ್ತು ಎಣ್ಣೆಯನ್ನು ಒಟ್ಟಿಗೆ ಬಳಸಲೇಬಾರದು, ಎರಡರ ನಡುವೆ ಕನಿಷ್ಠ ಮೂರು ವಾರ ಬಿಡಬೇಕು. ಉಷ್ಣಾಂಶ 32 ಡಿಗ್ರಿ ದಾಟುವ ಹೊತ್ತಿನಲ್ಲಿ ಗಂಧಕವೊಂದನ್ನೇ ಹೊಡೆಯುವುದೂ ಅಪಾಯ.

ಕೊನೆಗೆ ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನಲ್ಲಿ ಓದಿದ ನನ್ನ ಭಾವಮೈದುನ ಬಂದು, ‘ಭಾವ, ಔಷಧಿ ಆಮೇಲೆ, ಮೊದಲು ಒಂದು ಬಿಳಿ ಹಾಳೆ ಕೊಡಿ’ ಎಂದ. ಎಲೆಯನ್ನು ಹಾಳೆಯ ಮೇಲೆ ಹಿಡಿದು ತಟ್ಟಿದಾಗ ಉದುರಿದ ಧೂಳಿನಲ್ಲಿ ಕೆಲವು ಕಣಗಳು ಅರೆನಿಮಿಷದ ನಂತರ ನಡೆಯತೊಡಗಿದವು. ಲೆನ್ಸ್ ಇಟ್ಟು ನೋಡಿದರೆ ಎಂಟು ಕಾಲು, ಮೈಮೇಲೆ ಎರಡು ಕಪ್ಪು ಕಲೆ: ಬಲೆ ಕಟ್ಟುವ ಜೇಡ ನುಸಿ, ಸುಮಾರು ಅರ್ಧ ಮಿಲಿಮೀಟರ್ ಉದ್ದದ್ದು.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ನರ್ಸರಿಯಿಂದ ಒಟ್ಟಿಗೆ ತಂದಿದ್ದ ಮೂರು ಗಿಡಗಳ ಎಲೆಗಳಲ್ಲಿ ಹಳದಿ ಮಚ್ಚೆಗಳಿದ್ದು, ಎಳೆಯ ಎಲೆಗಳು ಸೊಟ್ಟಗಾಗಿದ್ದವು. ನಾನು ಅದನ್ನು ಗೊಬ್ಬರದ ಕೊರತೆ ಎಂದುಕೊಂಡಿದ್ದೆ. ಅವನು ಕುಡಿಮೊಗ್ಗೊಂದನ್ನು ಬಿಡಿಸಿ 20 ಪಟ್ಟು ಹಿಗ್ಗಿಸುವ ಲೆನ್ಸಿನಡಿ ಇಟ್ಟಾಗ, ಕ್ಯಾರೆಟ್ಟಿನ ಆಕಾರದ, ನಾಲ್ಕೇ ಕಾಲಿನ ಬಿಳಚು ಜೀವಿಗಳು ತೆವಳುತ್ತಿದ್ದವು. ಒಂದೊಂದೂ ಮಿಲಿಮೀಟರಿನ ಐದನೇ ಒಂದು ಭಾಗದಷ್ಟಿದ್ದು, ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ. ನಮ್ಮ ದೇಶದಲ್ಲಿ 1998ರಲ್ಲಿ ಕೇರಳದಲ್ಲಿ ಮೊದಲು ಕಾಣಿಸಿಕೊಂಡು ನಮ್ಮ ತೆಂಗಿನಕಾಯಿಗಳನ್ನೆಲ್ಲ ಗೀರಿ ಹಾಳು ಮಾಡಿದ ನುಸಿಯೂ ಅಂಜೂರದ ಈ ಮೊಗ್ಗು ನುಸಿಯೂ ಅಸೇರಿಯಾ ಎಂಬ ಒಂದೇ ಕುಲದವು. ಇದು ರಸ ಹೀರುವುದರ ಜೊತೆಗೆ ಎಲೆಗಳಲ್ಲಿ ಹಳದಿ ಮಚ್ಚೆ ಮೂಡಿಸುವ ಅಂಜೂರದ ಮೊಸಾಯಿಕ್ ರೋಗದ ನಂಜಾಣುವನ್ನೂ (ವೈರಸ್) ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ನಂಜಾಣು ಸೇರಿದ ಗಿಡದ ಕಡ್ಡಿ ನೆಟ್ಟರೆ ರೋಗವೂ ಅದರೊಂದಿಗೇ ಬರುತ್ತದೆ, ಯಾವ ಔಷಧಿಗೂ ಅದು ಹೋಗುವುದಿಲ್ಲ. ಮೊಸಾಯಿಕ್ ಇದ್ದೂ ಫಲ ಕೊಡುವ ಗಿಡಗಳುಂಟು. ಆದರೂ ಉಳಿದ ಒಂಬತ್ತರ ಯೋಚನೆಯಿಂದ ಆ ಮೂರನ್ನು ಕಿತ್ತೆ.

ಉಳಿದವು ಚೇತರಿಸಿಕೊಂಡದ್ದು ಬಹುಪಾಲು ನೀರಿನಿಂದ. ವಾರಕ್ಕೆರಡು ದಿನ ಬೆಳಗಿನ ಜಾವ ಎಲೆಯ ಹಿಂಬದಿಗೆ ಪೈಪಿನಿಂದ ರಭಸವಾಗಿ ನೀರು ಹಾಯಿಸಿದೆವು, ಬುಡಕ್ಕೆ ಕಬ್ಬಿನ ತರಗು ಹೊದಿಸಿದೆವು. ಸುಟ್ಟ ಎಲೆಗಳು ಉದುರಿ, ಮೊದಲ ಮಳೆಗೆ ಬಿಸಿಲು ತಗ್ಗಿದ ಮೇಲೆ, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಸಂಜೆ ಹೊತ್ತು ಸಿಂಪಡಿಸಿ, ಮೊಟ್ಟೆಯೊಡೆದು ಬರುವ ಮರಿಗಳಿಗಾಗಿ ಹತ್ತು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಿದೆವು. ಮೊಗ್ಗು ನುಸಿ ಮೊಗ್ಗಿನ ಪದರಗಳೊಳಗೆ ಅಡಗಿರುವುದರಿಂದ, ಚಾಟನಿಯ (ರೆಂಬೆ ಸವರುವ ಕೆಲಸದ) ನಂತರ ಮೊಗ್ಗು ಬಿರಿಯುವಾಗಲೇ ಸಿಂಪಡಿಸಬೇಕು. ಚಾಟನಿ ಮಾಡುವವರು ತುಂಬುತೋಳಿನ ಅಂಗಿ ತೊಡಿ; ಅಂಜೂರದ ಹಾಲು ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ, ನನ್ನ ಮುಂಗೈ ಅದಕ್ಕೆ ಸಾಕ್ಷಿ.

ಫಸಲನ್ನು ಗುಂಡಿಗೆ ಸುರಿದದ್ದು ಕಾಯಿ ಸುಟ್ಟಿತೆಂದಷ್ಟೇ ಅಲ್ಲ. ಅಂಜೂರವನ್ನು ಸಾಮಾನ್ಯವಾಗಿ ಯಾರೂ ಸಿಪ್ಪೆ ಸುಲಿದು ತಿನ್ನುವುದಿಲ್ಲ. ಆ ಎರಡು ಬಾಟಲಿಗಳನ್ನು ಬೆರೆಸಿ ಹೊಡೆದ ಹಣ್ಣನ್ನು ಮನೆಯ ಮಕ್ಕಳ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಈಗ ಅಂಗಡಿಗೆ ಹೋಗುವುದಿದ್ದರೆ ಎಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಹೋಗುತ್ತೇನೆ, ನುಸಿ ಎನ್ನದೆ ಮೈಟ್ ಎನ್ನುತ್ತೇನೆ. ಪಕ್ಕದ ತೋಟದವರು ಈ ಬಾರಿ ನೆಡಲು ಕಡ್ಡಿ ಕೇಳಿದ್ದಾರೆ. ಹೊಸ ಚಿಗುರಿನ ಎಲೆ ಪೂರ್ತಿ ಬಲಿಯಲಿ, ಒಂದೇ ಒಂದು ಹಳದಿ ಮಚ್ಚೆ ಕಂಡರೂ ಕಡ್ಡಿ ಕೊಡಲಾರೆ ಎಂದು ಅವರಿಗೆ ಹೇಳಿದ್ದೇನೆ.