ಹುಡುಕಾಟದ ಕೊಂಡಿಗೆ ಮೂರು ದಾರಿ: ಪಾಂಡವಪುರದ ಪುಟಕ್ಕಾಗಿ ಮಾಡಿ ನೋಡಿದ ಹೋಲಿಕೆ

ಮಂಡ್ಯ ಜಿಲ್ಲೆಯ ಊರುಗಳ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರಿಗೆ ಉಲ್ಲೇಖ ಹುಡುಕುವುದೇ ಅರ್ಧ ಕೆಲಸ. ಮುಂದೆ ಅದೇ ಪುಟವನ್ನು ತಿದ್ದುವವರು ಮೊದಲಿನಿಂದ ತಡಕಾಡಬೇಕಾಗದಂತೆ ಚರ್ಚಾಪುಟದಲ್ಲಿ ಗೂಗಲ್ ಹುಡುಕಾಟದ ಕೊಂಡಿಯನ್ನು ಇರಿಸಿಹೋಗಬೇಕೆಂದು ನಿರ್ಧರಿಸಿ, ಅದಕ್ಕಿರುವ ಮೂರು ವಿಧಾನಗಳನ್ನು ಮಂಡ್ಯದ ಮನೆಯಲ್ಲಿ ಕುಳಿತು ನನ್ನ ಪ್ರಯೋಗಪುಟದಲ್ಲಿ ಪರೀಕ್ಷಿಸಿದೆ.

ಅಂತರವಿಕಿ ಪೂರ್ವಪದವನ್ನು, ಅಂದರೆ ಬೇರೊಂದು ತಾಣಕ್ಕೆ ಚುಟುಕಾಗಿ ಕೊಂಡಿ ಕೊಡುವ ಗುರುತುಪದವನ್ನು, ಬಳಸುವುದು ಎಲ್ಲಕ್ಕಿಂತ ಸುಲಭ. ಜೋಡಿ ಚೌಕಾವರಣದೊಳಗೆ ಗೂಗಲ್ ಎಂಬ ಪೂರ್ವಪದವನ್ನೂ ಕೋಲನ್ ಚಿಹ್ನೆಯನ್ನೂ ಹಾಕಿ ಬೇಕಾದ ಪದವನ್ನು ಬರೆದರೆ ಮುಗಿಯಿತು. ‘ಪಾಂಡವಪುರ’ದಂತಹ ಒಂಟಿ ಪದಕ್ಕೆ ಇದು ಸಾಕು. ಆದರೆ ‘ಕನ್ನಂಬಾಡಿ ಕಟ್ಟೆ’ ಎಂದು ಬರೆದಾಗ ವಿಕಿ ತಂತ್ರಾಂಶವು ನಡುವಿನ ಖಾಲಿ ಜಾಗವನ್ನು ಅಡಿಗೆರೆಯಾಗಿ (_) ಬದಲಿಸಿ ಕಳುಹಿಸುತ್ತದೆ, ಹಾಗಾಗಿ ಎರಡು ಪದಗಳು ನಾವು ಬರೆದಂತೆ ಬಿಡಿಯಾಗಿ ಗೂಗಲ್ ತಲುಪುವುದಿಲ್ಲ.

ಪೂರ್ತಿ ವಿಳಾಸವನ್ನು ಕೈಯಾರೆ ಅಂಟಿಸುವುದು ಎರಡನೆಯ ದಾರಿ. ಇಲ್ಲಿ ಕನ್ನಡದವರಿಗೆ ಒಂದು ವಿಶೇಷ ಕಿರಿಕಿರಿಯಿದೆ. ಯೂನಿಕೋಡ್‌ನ ಪ್ರತಿಯೊಂದು ಕನ್ನಡ ಸಂಕೇತವೂ (ಅಕ್ಷರವಷ್ಟೇ ಅಲ್ಲ, ಗುಣಿತದ ಚಿಹ್ನೆಯೂ ಅನುಸ್ವಾರವೂ ಬೇರೆ ಸಂಕೇತಗಳೇ) ವಿಳಾಸದಲ್ಲಿ 3 ಬೈಟುಗಳಾಗಿ, ಶೇಕಡಾ ಚಿಹ್ನೆ ಸಹಿತ 9 ಅಕ್ಷರಗಳಾಗಿ ಹಿಗ್ಗುವುದರಿಂದ, ‘ಪಾಂಡವಪುರ’ 72 ಅಕ್ಷರಗಳಷ್ಟೂ ‘ಶ್ರೀರಂಗಪಟ್ಟಣ’ 108 ಅಕ್ಷರಗಳಷ್ಟೂ ಉದ್ದವಾಗುತ್ತದೆ. ಅದರಲ್ಲಿ ಯಾವ ಊರಿದೆಯೆಂದು ಬರೆದವನಿಗೂ ತಿಳಿಯದು. ಹಾಗೆಂದು ಕನ್ನಡದಲ್ಲೇ ನೇರವಾಗಿ ಬರೆದರೆ, ಮೊದಲ ಖಾಲಿ ಜಾಗ ಬಂದಲ್ಲಿಗೆ ವಿಳಾಸ ಮುಗಿದು ಉಳಿದ ಪದಗಳು ಕೊಂಡಿಯ ಶೀರ್ಷಿಕೆಯಾಗಿಬಿಡುತ್ತವೆ.

ಮೂರನೆಯದು ಟೆಂಪ್ಲೇಟು, ಅಂದರೆ ಒಮ್ಮೆ ಬರೆದಿಟ್ಟು ಹಲವು ಪುಟಗಳಲ್ಲಿ ಕರೆದು ಬಳಸುವ ಅಚ್ಚು. ಯುಆರ್‌ಎಲ್‌ಎನ್‌ಕೋಡ್ ಎಂಬ ಸೂಚನೆಯನ್ನು ಅದರೊಳಗೆ ಸೇರಿಸಿದರೆ ಅಕ್ಷರ ಪರಿವರ್ತನೆಯನ್ನು ವಿಕಿಯೇ ಮಾಡಿಕೊಳ್ಳುತ್ತದೆ, ಖಾಲಿ ಜಾಗ ಕೂಡಿಸುವ ಚಿಹ್ನೆಯಾಗುತ್ತದೆ (+), ಪದಗುಚ್ಛದ ಎರಡೂ ಬದಿಗೆ ಉದ್ಧರಣ ಚಿಹ್ನೆಯನ್ನೂ ಹಾಕಬಹುದು. ಹುಡುಕಾಟದ ವಿಳಾಸ ಎಂದಾದರೂ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕಾಗುತ್ತದೆ. ಸಬ್‌ಸ್ಟ್ ಎಂಬ ಸೂಚನೆ ಬಳಸಿ ಟೆಂಪ್ಲೇಟಿನ ಪಠ್ಯವನ್ನೇ ಪುಟದೊಳಗೆ ನಕಲಿಸಿಟ್ಟವರಿಗೆ ಮಾತ್ರ ಈ ಅನುಕೂಲವಿಲ್ಲ.

ನನ್ನ ಮೊದಲ ಟೆಂಪ್ಲೇಟು ಪುಟದ ಹೆಸರನ್ನು ತಾನಾಗಿ ಎತ್ತಿಕೊಳ್ಳುವಂತಿತ್ತು. ಅಚ್ಚುಕಟ್ಟಾಗಿದೆಯೆಂದು ಒಂದು ದಿನ ಹಿಗ್ಗಿದ್ದೂ ಉಂಟು. ಪಾಂಡವಪುರದ ಪುಟಕ್ಕೆ ಬಂದಾಗ ಅದರ ಬಡತನ ಗೊತ್ತಾಯಿತು. ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ಆ ಊರು ‘ಫ್ರೆಂಚ್ ರಾಕ್ಸ್’. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರದು. ಅದಕ್ಕೂ ಹಿಂದಿನದು ಹಿರೋಡೆ. ಇಂದಿನ ಹೆಸರನ್ನಷ್ಟೇ ಕಳುಹಿಸುವ ಕೊಂಡಿಯು ಗೂಗಲ್ ಬುಕ್ಸ್‌ನಲ್ಲಿರುವ ಆ ಹಳೆಯ ಪುಸ್ತಕಗಳ ಹತ್ತಿರವೂ ಸುಳಿಯುವುದಿಲ್ಲ. ಶ್ರೀರಂಗಪಟ್ಟಣವನ್ನು ಆ ಕಾಲದ ಇಂಗ್ಲಿಷ್ ಬರಹಗಾರರು ‘ಸೆರಿಂಗಪಟಂ’ ಎಂದೇ ಬರೆದರು. ಮೈಸೂರಿನ ಇಂಗ್ಲಿಷ್ ಕಾಗುಣಿತವೂ 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬದಲಾಗಿರುವುದರಿಂದ, ಹೊಸ ಕಾಗುಣಿತವೊಂದನ್ನೇ ನಂಬಿದರೆ ಹಳೆಯ ಮುದ್ರಿತ ಸಾಹಿತ್ಯ ಕೈತಪ್ಪುತ್ತದೆ.

ಆದ್ದರಿಂದ ಟೆಂಪ್ಲೇಟನ್ನು ಬದಲಿಸಿ, ಏನೂ ಕೊಡದಿದ್ದರೆ ಪುಟದ ಹೆಸರು, ಕೊಟ್ಟರೆ ಕೊಟ್ಟಷ್ಟು ಹೆಸರುಗಳು ಎಂಬಂತೆ ಪ್ಯಾರಾಮೀಟರ್‌ಗಳನ್ನು (ಬಳಸುವವರು ತುಂಬುವ ಜಾಗಗಳನ್ನು) ಸೇರಿಸಿದೆ. ಪ್ರತಿ ಹೆಸರಿಗೂ ಬೇರೆ ಬೇರೆ ಕೊಂಡಿ ಕಾಣಿಸುತ್ತದೆ. ವಿಕಿಪೀಡಿಯದ ನಕಲುಗಳೇ ಮೊದಲು ಬಂದು ಕೂರದಂತೆ ‘ವಿಕಿಪೀಡಿಯ’ ಎಂಬ ಪದವನ್ನು ಕಳೆಯುವ ಚಿಹ್ನೆಯೊಂದಿಗೆ (-) ಸೇರಿಸಿದ್ದೇನೆ. ಬರೆಯಲು ತುಸು ಹೆಚ್ಚು ಶ್ರಮ ಬೇಕು, ಹಳೆಯ ಹೆಸರುಗಳು ಬಳಸುವವರಿಗೆ ಗೊತ್ತಿರಲೂಬೇಕು. ಆದರೂ ಊರಿನ ಪುಟಗಳಿಗೆ ನಾನು ಆರಿಸಿಕೊಂಡದ್ದು ಇದನ್ನೇ.

ಯಾವ ಟೆಂಪ್ಲೇಟೂ ನೀಗಿಸದ ಕೊರತೆಗಳೂ ಇವೆ. ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಯೂನಿಕೋಡ್ ಇಲ್ಲದೆ ಬೆರಳಚ್ಚಿಸಿದ ಪುಟಗಳು ಯೂನಿಕೋಡ್ ಹುಡುಕಾಟಕ್ಕೆ ಸಿಗುವುದಿಲ್ಲ. ಹುಡುಕಾಟದ ಫಲಿತಾಂಶ ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆ ಆಗುವುದರಿಂದ ಈ ಕೊಂಡಿಯನ್ನು ಲೇಖನದ ಒಡಲಿನಲ್ಲಿ ಉಲ್ಲೇಖವೆಂಬಂತೆ ಹಾಕುವುದೂ ಸಲ್ಲದು. ಕೃಷ್ಣರಾಜಸಾಗರದ ಪುಟಕ್ಕೆ ‘ಕೆಆರ್‌ಎಸ್’, ‘ಕನ್ನಂಬಾಡಿ ಕಟ್ಟೆ’ ಎಂಬ ಹೆಸರುಗಳನ್ನೂ ಸೇರಿಸಿ, ಟೆಂಪ್ಲೇಟನ್ನು ಚರ್ಚಾಪುಟದ ಮೇಲ್ತುದಿಯಲ್ಲೇ ಇರಿಸಿದ್ದೇನೆ.