ಚಾರ್ಜ್ ಆಗದ ಸೋಲಾರ್ ಬ್ಯಾಟರಿ: ‘ಸತ್ತಿದೆ’ ಅಂದರೆ ಅಲ್ಲೇ ಒಪ್ಪಿಕೊಳ್ಳಬೇಡಿ

ಮನೆಯ ಸೋಲಾರ್ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎಂದು ನೀವು ದೂರು ಕೊಡುತ್ತೀರಿ. ಟೆಕ್ನಿಷಿಯನ್ ಬಂದು ಬ್ಯಾಟರಿಯ ಟರ್ಮಿನಲ್‌ಗೆ ಮೀಟರ್ ಹಿಡಿಯುತ್ತಾರೆ. 51 ವೋಲ್ಟ್ ಇರಬೇಕಾದ ಕಡೆ ಎರಡೋ ಮೂರೋ ವೋಲ್ಟ್ ತೋರಿಸುತ್ತದೆ. ‘ಬ್ಯಾಟರಿ ಸತ್ತಿದೆ, ಬದಲಾಯಿಸಬೇಕು’ ಅನ್ನುತ್ತಾರೆ. ಆ ಮಾತನ್ನು ಅಲ್ಲೇ ಒಪ್ಪಿಕೊಳ್ಳಬೇಡಿ. ಲಿಥಿಯಂ ಬ್ಯಾಟರಿ ಆಗಿದ್ದರಂತೂ ಖಂಡಿತ ಬೇಡ. ಚೆನ್ನಾಗಿದ್ದ ನಮ್ಮ ಬ್ಯಾಟರಿ ಈ ಒಂದು ಮಾತಿನಿಂದ ನಿಜವಾಗಿಯೂ ಸತ್ತಿತು. ವಾರಂಟಿಯೂ ಕೈಗೆ ಬರಲಿಲ್ಲ. ಹೇಗೆ ಎಂದು ವಿವರವಾಗಿ ಬರೆಯುತ್ತೇನೆ, ಇನ್ನೊಬ್ಬರ ಮನೆಯಲ್ಲಿ ಹೀಗೆ ಆಗಬಾರದು.

ಮೊದಲು ನಮ್ಮ ವ್ಯವಸ್ಥೆ ಹೇಗಿದೆ ಹೇಳುತ್ತೇನೆ. 51.2 ವೋಲ್ಟ್, 100 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಒಳಗೆ 3.2 ವೋಲ್ಟ್‌ನ 16 ಸೆಲ್‌ಗಳು ಸಾಲಾಗಿ ಇರುತ್ತವೆ. ಪೂರ್ತಿ ತುಂಬಿದರೆ ಸುಮಾರು ಐದು ಯೂನಿಟ್ ಹಿಡಿಯುತ್ತದೆ. ಚಾವಣಿಯ ಮೇಲೆ ನಾಲ್ಕು ಪ್ಯಾನೆಲ್ ಒಂದೇ ಸಾಲಿನಲ್ಲಿವೆ, ಅಂದರೆ ಒಂದರ ವೈರ್ ಮುಂದಿನದಕ್ಕೆ ಸೇರುವ ಹಾಗೆ ಸೀರೀಸ್‌ನಲ್ಲಿ ಜೋಡಿಸಿವೆ. ಪ್ಯಾನೆಲ್‌ನಿಂದ ಆದಷ್ಟು ಹೆಚ್ಚು ವಿದ್ಯುತ್ ಎಳೆದು ಬ್ಯಾಟರಿಗೆ ಕೊಡುವ ಎಂಪಿಪಿಟಿ ಚಾರ್ಜರ್ ಇನ್ವರ್ಟರ್ ಒಳಗೇ ಇದೆ. ಸೋಲಾರ್‌ನಿಂದ ಮಾತ್ರ ಬ್ಯಾಟರಿ ಚಾರ್ಜ್ ಆಗಲಿ ಎಂದು ಅಳವಡಿಸಿದವರೇ ಸೆಟ್ಟಿಂಗ್ ಮಾಡಿ ಹೋಗಿದ್ದರು.

ತೊಂದರೆ ನಿಧಾನವಾಗಿ ಶುರುವಾಯಿತು. ಮಧ್ಯಾಹ್ನ, ಮೋಡವಿಲ್ಲದ ಬಿಸಿಲು. ಇನ್ವರ್ಟರ್ ಪರದೆಯಲ್ಲಿ ಪ್ಯಾನೆಲ್ ಕಡೆಯ ವ್ಯಾಟ್ ತೀರಾ ಕಡಿಮೆ. ಒಮ್ಮೆ ಮೇಲೇರುತ್ತದೆ, ಮತ್ತೆ ಬಿದ್ದುಬಿಡುತ್ತದೆ. ಸಂಜೆಯಾದರೂ ಬ್ಯಾಟರಿ ಅರ್ಧ ತುಂಬುತ್ತಿರಲಿಲ್ಲ. ಫೋನ್ ಮಾಡಿದೆವು. ಪ್ಯಾನೆಲ್ ತೊಳೆಯಿರಿ ಅಂದರು. ತೊಳೆದೆವು. ಏನೂ ಬದಲಾಗಲಿಲ್ಲ. ಮತ್ತೆ ಫೋನ್ ಮಾಡಿದರೆ, ಬರುತ್ತೇವೆ, ಕಾಯಿರಿ ಎಂಬ ಉತ್ತರ. ಅಷ್ಟರಲ್ಲಿ ಒಂದು ರಾತ್ರಿ ಲೈನ್ ಕರೆಂಟ್ ಹೋಯಿತು. ಇದ್ದಷ್ಟು ಚಾರ್ಜ್ ಬೆಳಗಾಗುವ ಮೊದಲೇ ಮುಗಿಯಿತು. ಮರುದಿನ ಬಿಸಿಲು ಬಂದರೂ ಇನ್ವರ್ಟರ್ ‘ಬ್ಯಾಟರಿ ಇಲ್ಲ’ ಎಂದೇ ತೋರಿಸುತ್ತಿತ್ತು.

ಟೆಕ್ನಿಷಿಯನ್ ಬಂದರು. ಬ್ಯಾಟರಿ ಟರ್ಮಿನಲ್‌ಗೆ ಮೀಟರ್ ಹಿಡಿದರು. ‘ಸೆಲ್ಲೇ ಹೋಗಿವೆ’ ಅಂದರು. ಪ್ಯಾನೆಲ್ ಕಡೆಯೂ ಒಮ್ಮೆ ಮೀಟರ್ ಇಟ್ಟರು. 180 ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿ ಬಂತು. ‘ಪ್ಯಾನೆಲ್ ಸರಿಯಾಗಿದೆ, ಇನ್ವರ್ಟರ್ ಸರಿಯಾಗಿದೆ, ಬ್ಯಾಟರಿದೇ ತೊಂದರೆ’ ಎಂದು ಬರೆದುಕೊಟ್ಟರು. ಬ್ಯಾಟರಿಯ ಕೇಬಲ್ ಬಿಚ್ಚಿ ಪಕ್ಕಕ್ಕಿಟ್ಟರು. ‘ವಾರಂಟಿಗೆ ಕಳಿಸಬೇಕು, ಯಾರೂ ಮುಟ್ಟಬೇಡಿ’ ಅಂದರು. ಹತ್ತು ನಿಮಿಷವೂ ಆಗಿರಲಿಲ್ಲ.

ಈ ಭೇಟಿಯಲ್ಲಿ ಎರಡು ತಪ್ಪು ತೀರ್ಮಾನಗಳಾದವು. ಎರಡನ್ನೂ ಬಿಡಿಸಿ ಹೇಳಬೇಕು. ಯಾಕೆಂದರೆ ಇವೇ ತಪ್ಪು ಯಾರ ಮನೆಯಲ್ಲಾದರೂ ಆಗಬಹುದು.

ಮೊದಲನೆಯದು ಟರ್ಮಿನಲ್‌ನ ವೋಲ್ಟೇಜ್. ಲಿಥಿಯಂ ಬ್ಯಾಟರಿಯ ಒಳಗೆ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇರುತ್ತದೆ. ಸೆಲ್‌ಗಳು ತೀರಾ ಖಾಲಿಯಾದಾಗ, ಅಂದರೆ ಸೆಲ್ ಒಂದಕ್ಕೆ ಸುಮಾರು 2.5 ವೋಲ್ಟ್ ಹತ್ತಿರ ಬಂದಾಗ, ಅದು ಹೊರಗಿನ ಟರ್ಮಿನಲ್‌ಗಳ ಸಂಪರ್ಕವನ್ನೇ ಕತ್ತರಿಸುತ್ತದೆ. ಸೆಲ್‌ಗಳನ್ನು ಉಳಿಸಲಿಕ್ಕೆ ಅದು ಮಾಡುವ ಕೆಲಸ ಅದು. ಆಗ ಹೊರಗೆ ಮೀಟರ್ ಹಿಡಿದರೆ ಸೊನ್ನೆಯೋ ಒಂದೆರಡು ವೋಲ್ಟೋ ಕಾಣುತ್ತದೆ. ಒಳಗೆ 16 ಸೆಲ್ ಸೇರಿ 40 ವೋಲ್ಟ್ ಇದ್ದರೂ ಹೊರಗೆ ಗೊತ್ತಾಗುವುದಿಲ್ಲ. ಬ್ಯಾಟರಿ ಸತ್ತಿರುವುದಿಲ್ಲ, ನಿದ್ದೆಯಲ್ಲಿರುತ್ತದೆ. ಇದರಲ್ಲಿ ಒಂದು ತೊಡಕಿದೆ. ಹೆಚ್ಚಿನ ಇನ್ವರ್ಟರ್‌ಗಳು ಟರ್ಮಿನಲ್‌ನಲ್ಲಿ ವೋಲ್ಟೇಜ್ ಕಂಡರೆ ಮಾತ್ರ ಚಾರ್ಜ್ ಶುರು ಮಾಡುತ್ತವೆ. ವೋಲ್ಟೇಜ್ ಇಲ್ಲ, ಹಾಗಾಗಿ ಚಾರ್ಜ್ ಇಲ್ಲ. ಚಾರ್ಜ್ ಇಲ್ಲ, ಹಾಗಾಗಿ ಬ್ಯಾಟರಿ ಏಳುವುದಿಲ್ಲ. ಇದರಿಂದ ಹೊರಬರಲು ದಾರಿಗಳಿವೆ. ಕೆಲವು ಬ್ಯಾಟರಿಗಳಲ್ಲಿ ಎಬ್ಬಿಸುವ ಬಟನ್ ಇರುತ್ತದೆ. ಕೆಲವು ಇನ್ವರ್ಟರ್‌ಗಳಲ್ಲಿ ಲಿಥಿಯಂ ಬ್ಯಾಟರಿಯನ್ನು ಎಬ್ಬಿಸುವ ಸೆಟ್ಟಿಂಗ್ ಇರುತ್ತದೆ. ಅದೂ ಇಲ್ಲದಿದ್ದರೆ ಆ ಬ್ಯಾಟರಿಗೇ ಹೊಂದುವ ಚಾರ್ಜರ್‌ನಿಂದ ಕಡಿಮೆ ಆಂಪ್ಸ್‌ನಲ್ಲಿ ನಿಧಾನವಾಗಿ ಚಾರ್ಜ್ ಕೊಟ್ಟು ಎಬ್ಬಿಸುತ್ತಾರೆ. ನಮಗೆ ಬಂದ ಟೆಕ್ನಿಷಿಯನ್ ಇದರಲ್ಲಿ ಒಂದನ್ನೂ ಮಾಡಲಿಲ್ಲ. ಎಬ್ಬಿಸಿ ನೋಡಬಹುದಾ ಎಂದು ಕೇಳಿದ್ದಕ್ಕೆ ‘ಅದೆಲ್ಲ ಆಗಲ್ಲ’ ಅಂದರು ಅಷ್ಟೇ.

ಎರಡನೆಯದು ಪ್ಯಾನೆಲ್‌ನ ವೋಲ್ಟೇಜ್. 180 ಬಂತು ಅಂದ ಮಾತ್ರಕ್ಕೆ ಆ ಲೈನ್ ಸರಿಯಾಗಿದೆ ಎಂದಲ್ಲ. ಮಲ್ಟಿಮೀಟರ್ ತಾನಾಗಿ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವೈರ್ ಒಂದು ಎಳೆಯಷ್ಟು ಅಂಟಿಕೊಂಡಿದ್ದರೂ ಪೂರ್ತಿ ವೋಲ್ಟೇಜ್ ತೋರಿಸಿಬಿಡುತ್ತದೆ. ಸುಮಾರು ಹತ್ತು ಆಂಪ್ಸ್ ಹರಿಯಬೇಕಾದಾಗ ಮಾತ್ರ ಆ ಜಾಗದ ನಿಜವಾದ ಸ್ಥಿತಿ ಗೊತ್ತಾಗುತ್ತದೆ. ಹಾಗಾಗಿ ಇನ್ವರ್ಟರ್ ಚಾರ್ಜ್ ಮಾಡುತ್ತಿರುವಾಗಲೇ ಪ್ಯಾನೆಲ್ ವೋಲ್ಟೇಜ್ ಎಷ್ಟಿದೆ, ಎಷ್ಟು ಆಂಪ್ಸ್ ಬರುತ್ತಿದೆ ಎಂದು ನೋಡಬೇಕು. ಆಂಪ್ಸ್ ನೋಡಲು ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಬೇಕು. ಎಸಿ ಮಾತ್ರ ಅಳೆಯುವ ಕ್ಲಾಂಪ್ ಮೀಟರ್ ಇಲ್ಲಿ ಸೊನ್ನೆಯನ್ನೇ ತೋರಿಸುತ್ತದೆ.

ನಮಗೆ ಇದೆಲ್ಲ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಅದಕ್ಕೂ ಮೊದಲು ಕಂಪನಿಯವರು ಇನ್ನೊಂದು ಮಾತು ಹೇಳಿದ್ದರು. ‘ಈಗ ಹೊಸ ಬ್ಯಾಟರಿ ತೆಗೆದುಕೊಳ್ಳಿ, ಹಳೆಯದರ ವಾರಂಟಿ ಬಂದಾಗ ಲೆಕ್ಕ ಹೊಂದಿಸೋಣ’ ಎಂದು. ಹೊಸದು ಬಂತು. ಹಾಕಿದ ತಕ್ಷಣ ಇನ್ವರ್ಟರ್ ಅದನ್ನು ಗುರುತಿಸಿತು. ಮನೆಯ ದೀಪ, ಫ್ಯಾನ್ ಎಲ್ಲ ನಡೆದವು. ‘ನೋಡಿ, ಬ್ಯಾಟರಿದೇ ತೊಂದರೆ ಆಗಿತ್ತು’ ಅಂದರು. ಇದು ತುಂಬ ಮೋಸ ಹೋಗುವ ಜಾಗ. ಹೊಸ ಲಿಥಿಯಂ ಬ್ಯಾಟರಿ ಸ್ವಲ್ಪ ಚಾರ್ಜ್ ಆಗಿಯೇ ಬರುತ್ತದೆ. ಹಾಗಾಗಿ ಹಾಕಿದ ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹೊಸ ಬ್ಯಾಟರಿ ಕೆಲಸ ಮಾಡಿತು ಅನ್ನುವುದು ಹಳೆಯದು ಕೆಟ್ಟಿತ್ತು ಅನ್ನುವುದಕ್ಕೆ ಸಾಕ್ಷಿ ಅಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಶೇಕಡಾವಾರು ಮೇಲೇರುತ್ತಿದೆಯಾ ಎಂದು ನೋಡಬೇಕು. ನಮ್ಮದು ಏರಲಿಲ್ಲ. ದಿನದಿಂದ ದಿನಕ್ಕೆ ಇಳಿಯಿತು. ಟ್ಯಾಂಕಿಗೆ ನೀರೇ ಬರದಿರುವಾಗ ಟ್ಯಾಂಕ್ ಬದಲಾಯಿಸಿದ ಹಾಗಾಗಿತ್ತು.

ಆಗ ಪರಿಚಯದ ಒಬ್ಬ ಎಲೆಕ್ಟ್ರಿಷಿಯನ್‌ರನ್ನು ಕರೆದೆವು. ಅವರು ಬ್ಯಾಟರಿ ಹತ್ತಿರ ಹೋಗಲೇ ಇಲ್ಲ. ಮೊದಲು ಇನ್ವರ್ಟರ್ ಪರದೆ ನೋಡಿದರು. ಚಾರ್ಜ್ ಶುರುವಾದ ಕೂಡಲೇ ಪ್ಯಾನೆಲ್ ವೋಲ್ಟೇಜ್ 180ರಿಂದ 90ಕ್ಕಿಂತ ಕೆಳಗೆ ಕುಸಿಯುತ್ತಿತ್ತು. ನಾಲ್ಕು ಪ್ಯಾನೆಲ್‌ಗಳ ಆ ಸಾಲು ಕೆಲಸ ಮಾಡುವಾಗಲೂ 150ಕ್ಕಿಂತ ಮೇಲೆ ನಿಲ್ಲಬೇಕಿತ್ತು. ‘ದಾರಿಯಲ್ಲಿ ಎಲ್ಲೋ ಜಾಯಿಂಟ್ ಸುಟ್ಟಿದೆ’ ಅಂದರು. ಪ್ಯಾನೆಲ್ ಲೈನನ್ನು ಕತ್ತರಿಸುವ ಐಸೊಲೇಟರ್ ಸ್ವಿಚ್ ಆಫ್ ಮಾಡಿ ಚಾವಣಿಗೆ ಹೋದರು. ಎರಡನೇ ಮತ್ತು ಮೂರನೇ ಪ್ಯಾನೆಲ್ ನಡುವೆ ವೈರ್‌ಗಳನ್ನು ಜೋಡಿಸುವ ಎಂಸಿ4 ಎಂಬ ಕನೆಕ್ಟರ್ ಕಪ್ಪಾಗಿ ಕರಗಿತ್ತು. ಒಳಗಿನ ಪಿನ್ ಬಣ್ಣ ಬದಲಾಗಿತ್ತು. ಒಂದು ಬದಿ ಒಂದು ಕಂಪನಿಯದು, ಇನ್ನೊಂದು ಬದಿ ಬೇರೆ ಕಂಪನಿಯದು. ನೋಡಲಿಕ್ಕೆ ಎರಡೂ ಒಂದೇ ಥರ, ಒಂದಕ್ಕೊಂದು ಕೂರುತ್ತವೆ ಕೂಡ. ಆದರೆ ಒಳಗಿನ ಲೋಹದ ಅಳತೆ, ಬಿಗಿತ ಬೇರೆ ಬೇರೆ. ಸಂಪರ್ಕ ಸಡಿಲವಾದರೆ ಅಲ್ಲಿ ಬಿಸಿ ಹುಟ್ಟುತ್ತದೆ. ಬಿಸಿಯಾದಷ್ಟೂ ಸಂಪರ್ಕ ಇನ್ನಷ್ಟು ಕೆಡುತ್ತದೆ. ಅದಕ್ಕೇ ಬೇರೆ ಬೇರೆ ಕಂಪನಿಯ ಕನೆಕ್ಟರ್‌ಗಳನ್ನು ಜೋಡಿಸಲೇಬಾರದು. ವೈರನ್ನು ಕನೆಕ್ಟರ್‌ಗೆ ಒತ್ತುವ ಕೆಲಸವನ್ನು ಅದಕ್ಕೆಂದೇ ಇರುವ ಕ್ರಿಂಪಿಂಗ್ ಟೂಲ್‌ನಲ್ಲೇ ಮಾಡಬೇಕು, ಸಾಮಾನ್ಯ ಇಕ್ಕಳದಲ್ಲಿ ಅಲ್ಲ. ನಮ್ಮದರಲ್ಲಿ ಅದೂ ಸರಿಯಾಗಿ ಒತ್ತಿರಲಿಲ್ಲ.

ಬ್ಯಾಟರಿ ಹೋದದ್ದಕ್ಕಿಂತ ಇದನ್ನು ನೋಡಿ ಹೆಚ್ಚು ಹೆದರಿದೆವು. ಮನೆಯ ಮೇಲೆಯೇ ಬೆಂಕಿ ಹೊತ್ತಿಕೊಳ್ಳಬಹುದಿತ್ತು ಅಲ್ವಾ? ‘ಪ್ಯಾನೆಲ್ ಸರಿಯಾಗಿದೆ’ ಎಂದು ಬರೆದುಕೊಟ್ಟ ಆ ಕಾಗದ ಇನ್ನೂ ನಮ್ಮ ಹತ್ತಿರ ಇದೆ. ಅದೇ ಎಲೆಕ್ಟ್ರಿಷಿಯನ್ ಇನ್ನೊಂದನ್ನೂ ತೋರಿಸಿದರು. ಪ್ಯಾನೆಲ್ ಲೈನಿಗೆ ಹಾಕಿದ್ದು ಸಾಮಾನ್ಯ ಎಸಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್). 50 ಹರ್ಟ್ಸ್ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಸ್ವಿಚ್ ತೆರೆದಾಗ ಹುಟ್ಟುವ ಕಿಡಿ ಆಗ ಆರುತ್ತದೆ. ಡಿಸಿ ಹಾಗೆ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಉರಿಯುತ್ತಲೇ ಇರಬಹುದು. ಪ್ಯಾನೆಲ್ ಲೈನಿಗೆ ಆ ವೋಲ್ಟೇಜ್‌ಗೆ ತಕ್ಕ ಡಿಸಿ ಎಂಸಿಬಿಯೇ ಬೇಕು. ನಿಮ್ಮ ಮನೆಯಲ್ಲಿ ಏನಿದೆ ಎಂದು ಇವತ್ತೇ ಅದರ ಮೇಲಿನ ಬರಹ ಓದಿ ನೋಡಿ.

ಕನೆಕ್ಟರ್, ಎಂಸಿಬಿ ಎರಡನ್ನೂ ಬದಲಾಯಿಸಿದ ಮೇಲೆ ಹೊಸ ಬ್ಯಾಟರಿ ಸಂಜೆಯೊಳಗೆ ತುಂಬತೊಡಗಿತು.

ಹಳೆಯದು? ಅದು ಮೂಲೆಯಲ್ಲೇ ಇತ್ತು. ಯಾರೂ ತೆಗೆದುಕೊಂಡು ಹೋಗಲು ಬಂದಿರಲಿಲ್ಲ. ಇಲ್ಲೇ ನಿಜವಾದ ನಷ್ಟ ಆದದ್ದು. ಖಾಲಿಯಾಗಿ ಮಲಗಿದ ಬ್ಯಾಟರಿಯಲ್ಲಿ ಬಿಎಂಎಸ್ ತಾನು ಬದುಕಿರಲು ಸೆಲ್‌ಗಳಿಂದಲೇ ಚೂರು ಚೂರು ಎಳೆಯುತ್ತಿರುತ್ತದೆ. ಲೆಕ್ಕ ಹಾಕಿ ನೋಡಿ. ಬರೀ 20 ಮಿಲಿಆಂಪ್ ಎಳೆದರೂ ದಿನಕ್ಕೆ ಸುಮಾರು ಅರ್ಧ ಆಂಪಿಯರ್ ಅವರ್ ಆಯಿತು. 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಶೇಕಡಾ 5 ಉಳಿದಿದ್ದರೆ ಹತ್ತು ದಿನಕ್ಕೆ ಅದೂ ಖಾಲಿ. ಆಮೇಲೆ ಸೆಲ್‌ಗಳ ವೋಲ್ಟೇಜ್ ಇಳಿಯಬಾರದ ಮಟ್ಟಕ್ಕೆ ಇಳಿಯುತ್ತದೆ. ಆ ಸ್ಥಿತಿಯಲ್ಲಿ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗಬಹುದು. ಅಂಥ ಸೆಲ್‌ಗೆ ಮತ್ತೆ ಚಾರ್ಜ್ ಕೊಡುವುದು ಅಪಾಯ, ಒಳಗೇ ಶಾರ್ಟ್ ಆಗಬಹುದು. ನಮ್ಮ ಬ್ಯಾಟರಿ ಕೊನೆಗೂ ಪರೀಕ್ಷೆಗೆ ಹೋದಾಗ ಬಂದ ಉತ್ತರ ಇದು: ಸೆಲ್‌ಗಳು ಮಿತಿಗಿಂತ ಕೆಳಗೆ ಖಾಲಿಯಾಗಿವೆ, ಇದು ತಯಾರಿಕೆಯ ದೋಷ ಅಲ್ಲ, ವಾರಂಟಿ ಇಲ್ಲ. ಮುಟ್ಟಬೇಡಿ ಎಂದವರೂ ಅವರೇ, ತಿಂಗಳುಗಟ್ಟಲೆ ಬಾರದವರೂ ಅವರೇ. ಆದರೆ ಆ ‘ಮುಟ್ಟಬೇಡಿ’ ಎಲ್ಲೂ ಬರಹದಲ್ಲಿ ಇರಲಿಲ್ಲ.

ಆದ್ದರಿಂದ ಬ್ಯಾಟರಿ ಖಾಲಿಯಾಗಿ ಮಲಗಿತು ಅಂದರೆ ಆ ದಿನವೇ ಬೆನ್ನು ಹತ್ತಿ. ವಾರ ಕಾಯುವ ವಿಷಯ ಅಲ್ಲ ಅದು. ಎಬ್ಬಿಸುವ ಮೊದಲು ಪ್ರತಿ ಸೆಲ್‌ನ ವೋಲ್ಟೇಜ್ ಓದಿ ತೋರಿಸಲು ಹೇಳಿ. ಬಿಎಂಎಸ್‌ನ ಆ್ಯಪ್‌ನಲ್ಲೋ ಲ್ಯಾಪ್‌ಟಾಪ್ ಜೋಡಿಸಿಯೋ ಅದು ಸಿಗುತ್ತದೆ. ಒಂದು ಸೆಲ್ ಆದರೂ 2 ವೋಲ್ಟ್‌ಗಿಂತ ಕೆಳಗಿದ್ದರೆ, ಅಥವಾ ಬ್ಯಾಟರಿ ಉಬ್ಬಿದ್ದರೆ, ಮನೆಯಲ್ಲಿ ಚಾರ್ಜ್ ಕೊಡಲು ಬಿಡಬೇಡಿ. ತಯಾರಕರೇ ನೋಡಲಿ. ಹೆಚ್ಚಿನ ಬಿಎಂಎಸ್‌ಗಳು ಹಿಂದಿನ ಘಟನೆಗಳ ದಾಖಲೆಯನ್ನೂ ಇಟ್ಟಿರುತ್ತವೆ. ಯಾವಾಗಿನಿಂದ ಚಾರ್ಜ್ ಬರುತ್ತಿಲ್ಲ, ಯಾವಾಗ ಸಂಪರ್ಕ ಕತ್ತರಿಸಿತು ಎಲ್ಲ ಅದರಲ್ಲಿ ಇರುತ್ತದೆ. ಬ್ಯಾಟರಿಯನ್ನು ಮನೆಯಿಂದ ಹೊರಗೆ ಕಳಿಸುವ ಮೊದಲು ಆ ದಾಖಲೆಯ ಪ್ರತಿ ನಿಮ್ಮ ಹತ್ತಿರ ಇರಲಿ.

ಚಾರ್ಜ್ ಆಗದಿರಲು ಕನೆಕ್ಟರ್ ಒಂದೇ ಕಾರಣ ಅಲ್ಲ. ಇನ್ವರ್ಟರ್‌ಗೂ ಬ್ಯಾಟರಿಗೂ ನಡುವೆ ಮಾತಾಡುವ ಒಂದು ಕೇಬಲ್ ಇರುತ್ತದೆ. ಎಷ್ಟು ಆಂಪ್ಸ್ ತೆಗೆದುಕೊಳ್ಳಬಲ್ಲೆ ಎಂದು ಬ್ಯಾಟರಿ ಅದರ ಮೂಲಕ ಹೇಳುತ್ತದೆ. ಆ ಕೇಬಲ್ ಸಡಿಲವಾದರೆ, ಅಥವಾ ಸೆಟ್ಟಿಂಗ್‌ನಲ್ಲಿ ಬೇರೆ ಬ್ಯಾಟರಿಯ ಹೆಸರು ಆರಿಸಿದ್ದರೆ, ಎಲ್ಲ ಸರಿಯಿದ್ದೂ ಚಾರ್ಜ್ ಸೊನ್ನೆ ಆಗಿಬಿಡಬಹುದು. 16ರಲ್ಲಿ ಒಂದು ಸೆಲ್ ಮಾತ್ರ ಬೇಗ 3.65 ವೋಲ್ಟ್ ಮುಟ್ಟಿದರೂ ಬಿಎಂಎಸ್ ಇಡೀ ಬ್ಯಾಟರಿಯ ಚಾರ್ಜ್ ನಿಲ್ಲಿಸುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಬ್ಯಾಟರಿ ಚಾರ್ಜ್ ತೆಗೆದುಕೊಳ್ಳದಿರುವುದು ದೋಷವೇ ಅಲ್ಲ, ಅದು ಹಾಗೇ ಇರಬೇಕು. ಪ್ಯಾನೆಲ್ ಸಾಲಿನ ಮೇಲೆ ಹೊಸದಾಗಿ ನೆರಳು ಬೀಳುತ್ತಿದೆಯಾ ಎಂದೂ ನೋಡಿ. ಇವೆಲ್ಲ ಹೊಸ ಬ್ಯಾಟರಿಯಿಂದ ಸರಿಯಾಗುವ ತೊಂದರೆಗಳಲ್ಲ.

ಲೆಡ್ ಆಸಿಡ್ ಬ್ಯಾಟರಿ ಇರುವವರಿಗೆ ಎರಡು ಮಾತು. ಅದಕ್ಕೆ ಬಿಎಂಎಸ್ ಇರುವುದಿಲ್ಲ, ಟರ್ಮಿನಲ್‌ನಲ್ಲಿ ಕಂಡದ್ದೇ ನಿಜವಾದ ವೋಲ್ಟೇಜ್. 12 ವೋಲ್ಟ್ ಬ್ಯಾಟರಿಗೆ ಕೆಲವು ಗಂಟೆ ವಿಶ್ರಾಂತಿ ಕೊಟ್ಟು ನೋಡಿದಾಗ 12.6ರಿಂದ 12.7 ಇದ್ದರೆ ತುಂಬಿದೆ, 12.2ರ ಹತ್ತಿರ ಇದ್ದರೆ ಹೆಚ್ಚುಕಡಿಮೆ ಅರ್ಧ. ಖಾಲಿ ಬಿಟ್ಟರೆ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಆಗ ಚಾರ್ಜ್‌ಗೆ ಹಾಕಿದ ಕೂಡಲೇ ವೋಲ್ಟೇಜ್ ಏರುತ್ತದೆ, ಲೋಡ್ ಹಾಕಿದರೆ ಬಿದ್ದುಹೋಗುತ್ತದೆ. ನೀರು ಹಾಕುವ ಬ್ಯಾಟರಿ ಆಗಿದ್ದರೆ ಆಸಿಡ್‌ನ ಸಾಂದ್ರತೆ ತೋರಿಸುವ ಹೈಡ್ರೋಮೀಟರ್‌ನಲ್ಲಿ ಪ್ರತಿ ಸೆಲ್ ನೋಡಲು ಹೇಳಿ. ಉಳಿದವು ಸರಿಯಿದ್ದು ಒಂದೇ ಸೆಲ್ ತುಂಬ ಕೆಳಗಿದ್ದರೆ ಆಗ ಬ್ಯಾಟರಿದೇ ದೋಷ ಎನ್ನಬಹುದು.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಮಲಗಿದ ಬ್ಯಾಟರಿಗೆ ಪ್ಯಾನೆಲ್ ವೈರನ್ನು ನೇರವಾಗಿ ಮುಟ್ಟಿಸಿ ಎಬ್ಬಿಸುತ್ತೇನೆ ಅನ್ನುವವರು ಸಿಗುತ್ತಾರೆ. ಬಿಎಂಎಸ್ ತಪ್ಪಿಸಿ ಸೆಲ್‌ಗಳಿಗೇ ಚಾರ್ಜ್ ಕೊಡುತ್ತೇನೆ ಅನ್ನುವವರೂ ಇದ್ದಾರೆ. ಇಬ್ಬರನ್ನೂ ವಾಪಸ್ ಕಳಿಸಿ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ ವೋಲ್ಟೇಜ್ ಪ್ರಾಣ ತೆಗೆಯುವಷ್ಟಿರುತ್ತದೆ, ಬಿಸಿಲಿರುವ ತನಕ ಅದನ್ನು ಆಫ್ ಮಾಡಲು ಆಗುವುದಿಲ್ಲ. ಕರೆಂಟ್ ಹರಿಯುತ್ತಿರುವಾಗ ಎಂಸಿ4 ಕನೆಕ್ಟರ್ ಎಳೆದು ಬಿಚ್ಚಿದರೆ ಕೈಯಲ್ಲೇ ಕಿಡಿ ಹೊತ್ತುತ್ತದೆ. ಬಿಚ್ಚುವಾಗ ಮೊದಲು ಪ್ಯಾನೆಲ್ ಐಸೊಲೇಟರ್ ಆಫ್, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬ್ಯಾಟರಿ ಇಲ್ಲದೆ ಪ್ಯಾನೆಲ್ ಮಾತ್ರ ಜೋಡಿಸಿದರೆ ಎಷ್ಟೋ ಚಾರ್ಜ್ ಕಂಟ್ರೋಲರ್‌ಗಳು ಸುಟ್ಟುಹೋಗುತ್ತವೆ. ಪರದೆ ನೋಡುವುದು, ಫೋಟೊ ತೆಗೆಯುವುದು, ಪ್ರಶ್ನೆ ಕೇಳುವುದು ನಿಮ್ಮ ಕೆಲಸ. ಬಿಚ್ಚುವುದು ಕೆಲಸ ಗೊತ್ತಿದ್ದವರದು.

ಟೆಕ್ನಿಷಿಯನ್ ಬಂದ ದಿನ ಸರ್ವಿಸ್ ಕಾಗದಕ್ಕೆ ಸಹಿ ಹಾಕುವ ಮೊದಲು ಇಷ್ಟು ಅದರಲ್ಲಿ ಬರೆಸಿಕೊಳ್ಳಿ: ಲೋಡ್ ಇಲ್ಲದಾಗ ಪ್ಯಾನೆಲ್ ವೋಲ್ಟೇಜ್ ಎಷ್ಟು, ಚಾರ್ಜ್ ಆಗುವಾಗ ಎಷ್ಟು, ಆಗ ಎಷ್ಟು ಆಂಪ್ಸ್, ಪ್ರತಿ ಸೆಲ್‌ನ ವೋಲ್ಟೇಜ್ ಎಷ್ಟು, ಬಿಎಂಎಸ್ ಏನು ದೋಷ ತೋರಿಸಿತು, ಎಬ್ಬಿಸಲು ಏನು ಮಾಡಿದರು. ಅಳೆಯದೇ ಇದ್ದರೆ ‘ಅಳೆದಿಲ್ಲ’ ಎಂದೇ ಬರೆಯಲಿ. ಬ್ಯಾಟರಿ ಮುಟ್ಟಬೇಡಿ ಎಂದು ಹೇಳಿದರೆ ಅದನ್ನೂ ತಾರೀಕು ಹಾಕಿ ಬರೆಸಿ, ಯಾವ ದಿನದೊಳಗೆ ತೆಗೆದುಕೊಂಡು ಹೋಗುತ್ತಾರೆ ಎಂದು ಅದರ ಕೆಳಗೇ ಇರಲಿ.