ವೀಟಾದಲ್ಲಿ ಪಿಸಿ ಆಟ: ಮುರಕಲ್ಲಿನ ಮನೆಯೊಂದರಲ್ಲಿ ಮೂರು ಮಳೆಗಾಲದ ಬಳಕೆ

ಉಡುಪಿಯ ಕುಂಜಿಬೆಟ್ಟಿನಲ್ಲಿರುವ ನಮ್ಮ ಮನೆ ಅಜ್ಜನ ಕಾಲದ್ದು. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಹಲಗೆಯ ಉಪ್ಪರಿಗೆ. ನನ್ನ ಪಿಸಿ ಇರುವುದು ಆ ಉಪ್ಪರಿಗೆಯಲ್ಲಿ. ಮಾರ್ಚ್ ಕಳೆಯಿತೆಂದರೆ ಮಧ್ಯಾಹ್ನದ ಮೇಲೆ ಹಂಚಿನ ಕಾವು ಇಳಿದು ಅಲ್ಲಿ ಅರ್ಧ ಗಂಟೆಯೂ ಕೂರಲಾಗುವುದಿಲ್ಲ. ಕೆಳಗಿನ ಚಾವಡಿಯಾದರೋ ಕೆಂಪು ಗಾರೆ ನೆಲದಿಂದಾಗಿ ಸಂಜೆಯವರೆಗೂ ತಂಪಾಗಿರುತ್ತದೆ. ಪಿಸಿ ಮೇಲೆಯೇ ಓಡಲಿ, ಆಟ ಮಾತ್ರ ಕೆಳಗೆ ನನ್ನ ಕೈಗೆ ಬರಲಿ ಎಂಬ ಆಸೆಯಿಂದ 2022ರ ಆರಂಭದಲ್ಲಿ ಸೋನಿಯ ಕೈಯಲ್ಲಿ ಹಿಡಿದಾಡುವ ಆಟದ ಯಂತ್ರವಾದ ಪ್ಲೇಸ್ಟೇಷನ್ ವೀಟಾ, ಬಳಸಿದ್ದೊಂದನ್ನು ಕೊಂಡು, ಅದಕ್ಕೆ ಪಿಸಿಯಿಂದ ಸ್ಟ್ರೀಮ್ ಮಾಡತೊಡಗಿದೆ. ಮೂರು ಮಳೆಗಾಲ ಕಳೆದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು.

ವೀಟಾ 2011ರ ಕೊನೆಗೆ ಜಪಾನಿನಲ್ಲಿ ಬಿಡುಗಡೆಯಾಗಿ, 2019ರಲ್ಲಿ ತಯಾರಿಕೆ ನಿಂತುಹೋದ ಯಂತ್ರ. ನನ್ನಲ್ಲಿರುವುದು ಒಎಲ್ಇಡಿ ಪರದೆಯ ಮೊದಲ ಮಾದರಿ, ಅಂದರೆ ಪಿಸಿಎಚ್-1000. ಕಂಪನಿ ಕೊಟ್ಟ ರೂಪದಲ್ಲಿ ಇದು ಪ್ಲೇಸ್ಟೇಷನ್ 4ರ ಆಟವನ್ನು ರಿಮೋಟ್ ಪ್ಲೇ ಮೂಲಕ ತೋರಿಸಬಲ್ಲದೇ ಹೊರತು ಪಿಸಿಯ ಆಟವನ್ನಲ್ಲ. ಅದಕ್ಕೆ ಯಂತ್ರವನ್ನು ಮಾರ್ಪಡಿಸಬೇಕು. 2016ರಲ್ಲಿ ಬಂದ, ಹೊರಗಿನವರ ತಂತ್ರಾಂಶವನ್ನೂ ಓಡಗೊಡುವ ಹೆನ್‌ಕಾಕು ಈ ಬಾಗಿಲನ್ನು ತೆರೆಯಿತು. ಮರುವರ್ಷದ ಎನ್ಸೊ ಅದನ್ನು ಶಾಶ್ವತವಾಗಿಸಿತು. ಎನ್ಸೊ ಕೂರುವುದು 3.60 ಅಥವಾ 3.65ನೆಯ ಫರ್ಮ್‌ವೇರಿನಲ್ಲಿ (ಯಂತ್ರದ ಮೂಲ ತಂತ್ರಾಂಶದ ಆವೃತ್ತಿ) ಮಾತ್ರ. ನಾನು ಕೊಂಡ ಯಂತ್ರ ಆಗಲೇ 3.65ರಲ್ಲಿದ್ದುದರಿಂದ ಒಂದು ಸಂಜೆಯಲ್ಲಿ ಕೆಲಸ ಮುಗಿಯಿತು. ಸೋನಿಯ ದುಬಾರಿ ಮೆಮೊರಿ ಕಾರ್ಡಿನ ಹಂಗು ಬೇಡವೆಂದು ಆಟದ ಕಾರ್ಡಿನ ಸೀಳಿಗೆ ಅಡಾಪ್ಟರ್ ಹಾಕಿ ಸಾಮಾನ್ಯ ಮೈಕ್ರೊ ಎಸ್‌ಡಿ ಕಾರ್ಡ್ ಬಳಸುತ್ತಿದ್ದೇನೆ. ಸ್ಟ್ರೀಮಿಂಗಿಗೆ ಇದು ಬೇಕೇಬೇಕೆಂದಿಲ್ಲ, ಏಕೆಂದರೆ ಆಟ ಇರುವುದು ಪಿಸಿಯಲ್ಲಿ.

ಪಿಸಿಯಿಂದ ಬರುವ ಚಿತ್ರವನ್ನು ಹಿಡಿಯಲು ವೀಟಾದ ಬದಿಯಲ್ಲಿ ಓಡುವ ತಂತ್ರಾಂಶ ಮೂನ್‌ಲೈಟ್. ಆ ಚಿತ್ರವನ್ನು ಕಳಿಸಲು ಪಿಸಿಯ ಬದಿಯಲ್ಲಿ ಮೊದಲು ಎನ್‌ವಿಡಿಯಾದ ಗೇಮ್‌ಸ್ಟ್ರೀಮ್ ಇತ್ತು. 2023ರಲ್ಲಿ ಕಂಪನಿ ಅದಕ್ಕೆ ಕೊಟ್ಟಿದ್ದ ಬೆಂಬಲವನ್ನು ಹಿಂತೆಗೆದುಕೊಂಡಾಗ ನನಗೆ ಕಸಿವಿಸಿಯಾಯಿತಾದರೂ, ಬದಲಿಗೆ ಹಾಕಿಕೊಂಡ ಸನ್‌ಶೈನ್ ಎಂಬ ಮುಕ್ತ ತಂತ್ರಾಂಶ ಎಲ್ಲ ರೀತಿಯಿಂದಲೂ ಮೇಲಾಗಿ ಕಂಡಿತು. ಎಎಂಡಿ, ಇಂಟೆಲ್ ಗ್ರಾಫಿಕ್ಸ್ ಇರುವವರಿಗೂ ಅದು ಒದಗುತ್ತದೆ. ಜೋಡಣೆಗೆ ವೀಟಾದಲ್ಲಿ ಕಾಣುವ ನಾಲ್ಕಂಕಿಯ ಪಿನ್ನನ್ನು ಪಿಸಿಯ ಬ್ರೌಸರಿನಲ್ಲಿ ಬರೆದರಾಯಿತು. ಚಿತ್ರವನ್ನು ನನ್ನ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡು ಎಚ್.264 ಎಂಬ ವಿಡಿಯೊ ರೂಪಕ್ಕೆ ಅಡಕಗೊಳಿಸುತ್ತದೆ, ವೀಟಾದ ಯಂತ್ರಾಂಶ ಅದನ್ನು ಬಿಡಿಸುತ್ತದೆ. ಹೊಸ ಎಚ್.265 ವೀಟಾಕ್ಕೆ ತಿಳಿಯದು.

ಇಷ್ಟಾದ ಮೇಲೆ ಆಟ ಓಡಿತೇ ಎಂದು ಕೇಳಿದರೆ, ಮೊದಲ ಎರಡು ತಿಂಗಳು ಓಡಲಿಲ್ಲ ಎಂದೇ ಹೇಳಬೇಕು. ಚಿತ್ರ ಒಂದು ನಿಮಿಷ ಸರಿಯಾಗಿ ಬಂದು, ಮರುಕ್ಷಣ ಚೌಕಚೌಕವಾಗಿ ಒಡೆದು, ಧ್ವನಿ ಕತ್ತರಿಸಿ, ಕೊನೆಗೆ ಸಂಪರ್ಕವೇ ತಪ್ಪುತ್ತಿತ್ತು. ತಪ್ಪು ವೀಟಾದ್ದೆಂದು ನಾನು ಎಷ್ಟೋ ದಿನ ಅದನ್ನು ಬೈದಿದ್ದೇನೆ. ನಿಜವಾದ ತಪ್ಪು ಮನೆಯದ್ದಾಗಿತ್ತು. ಫೈಬರ್ ಬಂದು ಸೇರುವ ಪೆಟ್ಟಿಗೆ ಒಳಕೋಣೆಯಲ್ಲಿತ್ತು. ಅಲ್ಲಿಂದ ಉಪ್ಪರಿಗೆಗೆ ಒಂದು ಮುರಕಲ್ಲಿನ ಗೋಡೆ, ಚಾವಡಿಗೆ ಎರಡು. ತೂತುತೂತಾಗಿ ಕಾಣುವ ಈ ಕಲ್ಲು ಮಳೆಗಾಲದಲ್ಲಿ ನೀರು ಕುಡಿದು ತಿಂಗಳುಗಟ್ಟಲೆ ಥಂಡಿಯಾಗಿರುತ್ತದೆ, ಮತ್ತು ನೀರು 2.4 ಗಿಗಾಹರ್ಟ್ಸಿನ ಅಲೆಯನ್ನು ಚೆನ್ನಾಗಿ ಹೀರುತ್ತದೆ. ವೀಟಾದ ವೈಫೈಗೆ ಆ 2.4 ಬಿಟ್ಟರೆ ಬೇರೆ ದಾರಿಯಿಲ್ಲ. 5 ಗಿಗಾಹರ್ಟ್ಸ್ ಅದಕ್ಕೆ ಕಾಣುವುದೇ ಇಲ್ಲ. ಇದರ ಮೇಲೆ ಪಿಸಿಯೂ ಅದೇ ಪಟ್ಟಿಯ ವೈಫೈಯಲ್ಲಿತ್ತು. ಹಾಗಾಗಿ ಪ್ರತಿಯೊಂದು ಚಿತ್ರವೂ ಉಪ್ಪರಿಗೆಯಿಂದ ಪೆಟ್ಟಿಗೆಗೆ ಒಮ್ಮೆ, ಪೆಟ್ಟಿಗೆಯಿಂದ ಚಾವಡಿಗೆ ಇನ್ನೊಮ್ಮೆ, ಒಂದೇ ಓಣಿಯಲ್ಲಿ ಎರಡು ಸಲ ಓಡಾಡಬೇಕಾಗಿತ್ತು.

ಪರಿಹಾರಕ್ಕೆ ತಗುಲಿದ್ದು ಇಪ್ಪತ್ತು ಮೀಟರ್ ಲ್ಯಾನ್ ತಂತಿ ಮತ್ತು ಒಂದು ಭಾನುವಾರ. ಬೇರೆ ರೂಟರ್ ಒಂದನ್ನು ಚಾವಡಿಯಲ್ಲಿ ಮೆಟ್ಟಿಲಿನ ಬುಡದಲ್ಲಿಟ್ಟು, ಅಲ್ಲಿಂದ ಹಲಗೆಯ ಸಂದಿನಲ್ಲಿ ತಂತಿ ಏರಿಸಿ ಪಿಸಿಗೆ ಸಿಕ್ಕಿಸಿದೆ. ಫೈಬರ್ ಸೇವೆಯವರು ಕೊಟ್ಟ ಪೆಟ್ಟಿಗೆಯಲ್ಲಿ ಚಾನೆಲ್ ಬದಲಿಸುವ ಸ್ವಾತಂತ್ರ್ಯ ನಮಗಿರಲಿಲ್ಲ. ಈ ರೂಟರಿನಲ್ಲಿ 1, 6, 11ರ ಪೈಕಿ ನೆರೆಯವರು ಬಳಸದ 11ನ್ನು ಆರಿಸಿ, ಚಾನೆಲಿನ ಅಗಲವನ್ನು 20 ಮೆಗಾಹರ್ಟ್ಸಿಗೆ ನಿಲ್ಲಿಸಿದೆ. 2.4ಕ್ಕೆ ಪ್ರತ್ಯೇಕ ಹೆಸರು ಕೊಟ್ಟು, ಭದ್ರತೆಯನ್ನು ಡಬ್ಲ್ಯುಪಿಎ2ರಲ್ಲಿಯೇ ಇಟ್ಟೆ; ಬರಿಯ ಡಬ್ಲ್ಯುಪಿಎ3 ಇಟ್ಟರೆ ವೀಟಾ ಒಳಗೆ ಬರಲಾರದು. ವೀಟಾದ ವಿದ್ಯುತ್ ಉಳಿತಾಯದ ವಿಭಾಗದಲ್ಲಿ ವೈಫೈಯನ್ನು ಮಿತವಾಗಿ ಬಳಸುವ ಆಯ್ಕೆಯೊಂದಿದೆ, ಅದನ್ನು ತೆಗೆದುಹಾಕಿದೆ. ಆ ರಾತ್ರಿಯಿಂದ ಇಂದಿನವರೆಗೆ 960×544 ಅಳತೆಯಲ್ಲಿ, ಸೆಕೆಂಡಿಗೆ 60 ಚೌಕಟ್ಟು (ಫ್ರೇಮ್), 8 ಮೆಗಾಬಿಟ್ ವೇಗದಲ್ಲಿ ಆಡುತ್ತಿದ್ದೇನೆ. 8ನ್ನು 15 ಮಾಡಿದರೆ ಐದಿಂಚಿನ ಪರದೆಯಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ತಡೆ ಮಾತ್ರ ಹೆಚ್ಚುತ್ತದೆ. ಅಡುಗೆಮನೆಯ ಮೈಕ್ರೊವೇವ್ ಒಲೆ ಓಡಿದಾಗ ಚಿತ್ರ ಈಗಲೂ ಕೆಡುತ್ತದೆ. ಅದೂ ಇದೇ ಅಲೆಯದ್ದಾದ್ದರಿಂದ ಅನ್ನ ಬಿಸಿಯಾಗುವವರೆಗೆ ಕಾಯುವುದಷ್ಟೇ ಉಪಾಯ. ಬ್ಲೂಟೂತ್ ಇಯರ್‌ಫೋನ್ ಜೋಡಿಸಿದರೂ ಇದೇ ಕಥೆ; ತಂತಿಯ ಇಯರ್‌ಫೋನೇ ಲೇಸು.

ವಿಳಂಬ ಎಷ್ಟೆಂದು ತಿಳಿಯಲು ವೀಟಾವನ್ನು ಮಾನಿಟರಿನ ಪಕ್ಕದಲ್ಲಿಟ್ಟು, ಫೋನಿನ ಸೆಕೆಂಡಿಗೆ 240 ಚೌಕಟ್ಟಿನ ನಿಧಾನ ಚಿತ್ರಣದಲ್ಲಿ ಎರಡನ್ನೂ ಹಿಡಿದು ಎಣಿಸಿದೆ. ವೀಟಾ ಹಿಂದೆ ಬಿದ್ದದ್ದು ಹೆಚ್ಚುಕಡಿಮೆ 12 ಚೌಕಟ್ಟು, ಅಂದರೆ 50 ಮಿಲಿಸೆಕೆಂಡು. 60 ಚೌಕಟ್ಟಿನ ಆಟದಲ್ಲಿ ಒಂದು ಚೌಕಟ್ಟಿಗೆ 16.7 ಮಿಲಿಸೆಕೆಂಡಾದ್ದರಿಂದ ಆಟ ಮೂರು ಹೆಜ್ಜೆ ಹಿಂದಿರುತ್ತದೆ ಎಂದಾಯಿತು. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಬೆಳೆಗೆ ನೀರು ಹಾಕುವವನಿಗೆ ಇದು ಗಮನಕ್ಕೂ ಬಾರದು. ಆ ಆಟ 2018ರಲ್ಲಿ ವೀಟಾಕ್ಕೇ ನೇರವಾಗಿ ಬಂದಿತ್ತು, ನಿಜ. ಆದರೆ ನನ್ನ ತೋಟ ಇರುವುದು ಪಿಸಿಯಲ್ಲಿ, ಅದನ್ನು ಬಿಟ್ಟು ಇನ್ನೊಂದು ತೋಟವನ್ನು ಮೊದಲಿನಿಂದ ಮಾಡುವ ತಾಳ್ಮೆ ನನಗಿಲ್ಲ. ಹೇಡಿಸ್ ಕೂಡ ಸ್ವಲ್ಪ ರೂಢಿಯಾದ ಮೇಲೆ ಆಡಲು ಬಂತು. ಸೆಲೆಸ್ಟ್ ಮಾತ್ರ ಬರಲಿಲ್ಲ. ಅದರಲ್ಲಿ ಜಿಗಿತ ಒಂದು ಚೂರು ತಪ್ಪಿದರೆ ಪ್ರಾಣ ಹೋಗುತ್ತದೆ, ಮತ್ತು ತಪ್ಪು ನನ್ನದೋ ವೈಫೈಯದೋ ಎಂಬ ಅನುಮಾನದಲ್ಲಿ ಆಡುವುದರಷ್ಟು ರೇಗಿಸುವ ಸಂಗತಿ ಬೇರೆಯಿಲ್ಲ.

ಗುಂಡಿಗಳ ವಿಷಯವನ್ನು ಕೊಳ್ಳುವವರು ಸರಿಯಾಗಿ ತಿಳಿದುಕೊಳ್ಳಬೇಕು. ಪಿಸಿ ಆಟಗಳು ಬಯಸುವ, ತೋರುಬೆರಳಿನಿಂದ ಒತ್ತುವ ಎಲ್2, ಆರ್2 ಟ್ರಿಗರುಗಳು ವೀಟಾಕ್ಕಿಲ್ಲ; ಕೋಲುಗಳನ್ನು ಒತ್ತಿದರೆ ಆಗುವ ಎಲ್3, ಆರ್3 ಕೂಡ ಇಲ್ಲ. ಮೂನ್‌ಲೈಟ್ ಇವನ್ನು ಹಿಂಬದಿಯ ಸ್ಪರ್ಶ ಫಲಕಕ್ಕೆ ಹಂಚಿಕೊಡುತ್ತದೆ. ಉಪಾಯ ಜಾಣತನದ್ದೇ. ಆದರೆ ಈ ಫಲಕ ಬೆರಳಿಗೂ ಬೆವರಿಗೂ ಭೇದ ಮಾಡುವುದಿಲ್ಲ, ಮತ್ತು ನಮ್ಮ ಕರಾವಳಿಯ ಏಪ್ರಿಲ್, ಮೇ ತಿಂಗಳಲ್ಲಿ ಸುಮ್ಮನೆ ಕೂತವನ ಅಂಗೈಯೂ ಒದ್ದೆಯಾಗಿಯೇ ಇರುತ್ತದೆ. ವಿಚರ್ 3 ಆಡುವಾಗ ಆರ್2 ಎಂದರೆ ಮಂತ್ರಪ್ರಯೋಗ. ನನ್ನ ನಾಯಕ ಊರಿನ ಅಂಗಡಿಗಳ ಮುಂದೆ, ಯಾರೂ ಕೇಳದಿದ್ದರೂ, ಸುಮ್ಮಸುಮ್ಮನೆ ಬೆಂಕಿ ಉಗುಳುತ್ತಿದ್ದ. ಊರ ಕಾವಲುಗಾರರು ಅಟ್ಟಿಸಿಕೊಂಡು ಬಂದು ಎರಡು ಸಲ ಕೊಂದ ಮೇಲೆ, ಹಿಂಬದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಹಿಡಿಕೆಯೊಂದನ್ನು ತರಿಸಿದೆ. ಅದರ ಟ್ರಿಗರ್ ಒತ್ತಿದರೆ ಒಳಗಿನ ಸಣ್ಣ ತುದಿಯೊಂದು ಫಲಕವನ್ನು ಮುಟ್ಟುತ್ತದೆ, ಬೆರಳು ಫಲಕದ ಹತ್ತಿರ ಸುಳಿಯುವುದಿಲ್ಲ. ನಾನು ಈ ವ್ಯವಸ್ಥೆಗೆ ಮಾಡಿದ ಖರ್ಚಿನಲ್ಲಿ ಲ್ಯಾನ್ ತಂತಿಯ ನಂತರ ಸಾರ್ಥಕವಾದದ್ದು ಇದೇ. ಆದರೂ ಸ್ಪರ್ಶಕ್ಕೆ ಇದೆ, ಇಲ್ಲ ಎಂಬ ಎರಡೇ ಸ್ಥಿತಿ. ಆಕ್ಸಿಲರೇಟರನ್ನು ಅರ್ಧ ಒತ್ತುವುದು ಎಂಬ ಮಾತೇ ಇಲ್ಲವಾದ್ದರಿಂದ ಕಾರಿನ ಆಟಗಳನ್ನು ಕೈಬಿಟ್ಟಿದ್ದೇನೆ.

ಪರದೆಯ ಬಗ್ಗೆ ದೂರಿಲ್ಲ. ರಾತ್ರಿಯ ದೃಶ್ಯಗಳಲ್ಲಿ ಕಪ್ಪು ನಿಜವಾಗಿ ಕಪ್ಪಾಗಿ ಕಾಣುವ ಆ ಪರದೆಗಾಗಿಯೇ ನಾನು ಇಷ್ಟೆಲ್ಲ ತಾಪತ್ರಯ ಸಹಿಸಿದ್ದು. ಅಕ್ಷರಗಳದ್ದು ಬೇರೆ ಮಾತು: ಸಿವಿಲೈಸೇಷನ್ 6ರ ಪಟ್ಟಿಗಳನ್ನು ಓದಲು ಯಂತ್ರವನ್ನು ಮೂಗಿನ ತನಕ ತರಬೇಕಾಯಿತು. ಅಕ್ಷರದ ಗಾತ್ರ ಹಿಗ್ಗಿಸುವ ಆಯ್ಕೆ ಇರುವ ಆಟಗಳನ್ನೇ ಆರಿಸುವುದು ಒಳ್ಳೆಯದು.

ಬ್ಯಾಟರಿ ಮೂರೂವರೆ ಗಂಟೆ ಬರುತ್ತಿತ್ತು, ಈಗ ಮೂರಕ್ಕೆ ಇಳಿದಿದೆ. ಮೊದಲ ಮಾದರಿಯ ಚಾರ್ಜಿಂಗ್ ಕಿಂಡಿ ಸೋನಿಯ ಸ್ವಂತದ್ದು. ತಂತಿ ಹಾಳಾದರೆ ಉಡುಪಿಯಲ್ಲಾಗಲಿ ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳಲ್ಲಾಗಲಿ ನನಗೆ ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸಬೇಕಾಯಿತು. ಮೈಕ್ರೊ ಯುಎಸ್‌ಬಿ ಇರುವ ಎರಡನೆಯ ಮಾದರಿ ಈ ವಿಷಯದಲ್ಲಿ ಸುಖ, ಆದರೆ ಅದರ ಪರದೆ ಎಲ್‌ಸಿಡಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಯಂತ್ರವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಡಬ್ಬಿಯಲ್ಲಿಡುತ್ತೇನೆ; ಪುಸ್ತಕದ ರಟ್ಟಿಗೆ ಬೂಸಲು ಹಿಡಿಯುವ ಊರಿನಲ್ಲಿ ಇದು ಅತಿಯಲ್ಲ. ಕರೆಂಟು ಹೋದರೆ ವೀಟಾ ಉಳಿಯುತ್ತದೆ, ಆಟ ಉಳಿಯುವುದಿಲ್ಲ. ಅದಕ್ಕಾಗಿ ಪಿಸಿಗೂ ರೂಟರಿಗೂ ಯುಪಿಎಸ್ ಹಾಕಿ, ಕಡೇಪಕ್ಷ ಆಟವನ್ನು ಸೇವ್ ಮಾಡಲು ಹತ್ತು ನಿಮಿಷ ಸಿಗುವಂತೆ ಮಾಡಿಕೊಂಡಿದ್ದೇನೆ. ಇನ್ನೊಂದು ಪಾಠ ಬೆಲೆ ತೆತ್ತು ಕಲಿತದ್ದು: ಅಕ್ಟೋಬರಿನ ಒಂದು ಸಂಜೆ ಗುಡುಗು ಶುರುವಾದಾಗ ಕರೆಂಟಿನ ಪ್ಲಗ್ ಕಿತ್ತೆ, ಲ್ಯಾನ್ ತಂತಿಯನ್ನು ಮರೆತೆ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದು ರೂಟರಿನ ಎರಡು ಕಿಂಡಿಗಳು ಸತ್ತವು. ಪಿಸಿ ಉಳಿದದ್ದು ಅದೃಷ್ಟ. ಈಗ ಮೋಡ ಕಪ್ಪಾದರೆ ಮೊದಲು ಕೀಳುವುದು ಆ ತಂತಿಯನ್ನೇ.

ಮನೆಯ ಹೊರಗೆ ಇದನ್ನು ಬಳಸುವ ಕನಸನ್ನು ಬಿಟ್ಟುಬಿಡುವುದು ಕ್ಷೇಮ. ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಫೋನಿನ ಹಾಟ್‌ಸ್ಪಾಟ್ ಹಿಡಿದು ಒಮ್ಮೆ ಪ್ರಯತ್ನಿಸಿದೆ. ಕಾಪು ಬರುವ ಮೊದಲೇ ಕೈಬಿಟ್ಟೆ. ಹೊರಗಿನಿಂದ ಮನೆಯ ಜಾಲವನ್ನು ಭದ್ರವಾಗಿ ಸೇರಲು ಬೇಕಾದ ವಿಪಿಎನ್ಅನ್ನು ವೀಟಾದಲ್ಲಿ ಹಾಕಲು ನನಗೆ ದಾರಿ ಸಿಗಲಿಲ್ಲ, ಪಿಸಿಯ ಬಾಗಿಲನ್ನು ಇಡೀ ಅಂತರ್ಜಾಲಕ್ಕೆ ತೆರೆದಿಡುವ ಧೈರ್ಯವೂ ನನಗಿಲ್ಲ.

ಒಳ್ಳೆಯ ಫೋನು ಮತ್ತು ಅದಕ್ಕೆ ಸಿಕ್ಕಿಸುವ ಗೇಮ್‌ಪ್ಯಾಡ್ ಈಗಾಗಲೇ ಇರುವವರು ಅದರಲ್ಲೇ ಮೂನ್‌ಲೈಟ್ ಹಾಕಿ ನೋಡಲಿ. 5 ಗಿಗಾಹರ್ಟ್ಸ್, ಎಚ್.265, ನಿಜವಾದ ಟ್ರಿಗರು ಎಲ್ಲವೂ ಅಲ್ಲಿ ಸಿಗುತ್ತವೆ, ಮಾರ್ಪಾಡಿನ ರಗಳೆಯೂ ಇಲ್ಲ. ಸ್ಟೀಮ್ ಡೆಕ್ ಎಂಬ ಕೈಯಂತ್ರವಂತೂ ಆಟವನ್ನು ತಾನೇ ಓಡಿಸಬಲ್ಲದು. ಆದರೆ ಅದರ ಮೊದಲ ಮಾದರಿಯ ತೂಕ 669 ಗ್ರಾಂ, ನನ್ನ ವೀಟಾದ್ದು 260. ಊಟದ ನಂತರ ಚಾವಡಿಯಲ್ಲಿ ಚಾಪೆ ಹಾಸಿ ಅಂಗಾತ ಮಲಗಿ ಆಡುವ ನನಗೆ ಈ ಲೆಕ್ಕ ಮುಖ್ಯ. ನಿದ್ದೆ ಬಂದು ಕೈ ಸಡಿಲವಾದಾಗ ವೀಟಾ ಈವರೆಗೆ ನಾಲ್ಕು ಸಲ ಮುಖದ ಮೇಲೆ ಬಿದ್ದಿದೆ.